ಹಿತ್ತಿಲಿನ ಹೇಂಟೆ ಗದ್ದಲವೆಬ್ಬಿಸಿದರೆ: ಕಾರಣವೇನು, ಪರಿಹಾರವೇನು?

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳಲ್ಲಿ ಹಿತ್ತಿಲಿನ ಕೋಳಿ ಸಾಕಣೆ ಹೊಸ ಸಂಗತಿಯೇನಲ್ಲ. ದನದ ಕೊಟ್ಟಿಗೆ, ಮೇವಿನ ಬಣವೆ, ತಿಪ್ಪೆ ಇದ್ದಲ್ಲೆಲ್ಲ ಐದಾರು ಜವಾರಿ ಕೋಳಿಗಳು ಮಣ್ಣು ಕೆದಕುತ್ತ ಓಡಾಡುವುದು ಇಲ್ಲಿನ ಊರುಗಳ ನಿತ್ಯದ ನೋಟ. ತತ್ತಿ ಮಾರಿ, ಹಬ್ಬದ ಹೊತ್ತಿಗೆ ಒಂದೆರಡು ಕೋಳಿ ಮಾರಿ ಬರುವ ಹಣ ಬಹುಮಟ್ಟಿಗೆ ಮನೆಯ ಹೆಂಗಸರ ಕೈಯಲ್ಲೇ ಉಳಿಯುತ್ತದೆ. ಮಕ್ಕಳ ಪಾಟಿ ಪುಸ್ತಕಕ್ಕೆ, ದಿಢೀರೆಂದು ಬರುವ ಔಷಧದ ಖರ್ಚಿಗೆ ಅದೇ ಆಸರೆ.

ಊರು ಬೆಳೆದು ಹಿತ್ತಿಲು ಕಿರಿದಾದಂತೆ ಈ ಸಾಕಣೆಗೆ ಹೊಸದೊಂದು ತೊಡಕು ಎದುರಾಗಿದೆ. ತೋಟಪಟ್ಟಿಯಲ್ಲಿ ಯಾರ ಕಿವಿಗೂ ಬೀಳದಿದ್ದ ಕೋಳಿಯ ಕೂಗು, ಗೋಡೆಗೆ ಗೋಡೆ ಅಂಟಿದ ಬಡಾವಣೆಯಲ್ಲಿ ನೆರೆಮನೆಯ ನಿದ್ದೆ ಕೆಡಿಸುತ್ತದೆ. ಹಿಂಡಿನಲ್ಲಿ ಯಾವುದೋ ಒಂದು ಹೇಂಟೆ ಗಂಟೆಗಟ್ಟಲೆ ಕೂಗತೊಡಗಿದರೆ ಮೊದಲು ಬೇಸರ, ಬಳಿಕ ತಕರಾರು, ಕೊನೆಗೆ ಮಾತು ಬಿಡುವ ಮಟ್ಟದ ಜಗಳ. ಆಗ ಹೆಚ್ಚಿನವರಿಗೆ ಹೊಳೆಯುವ ದಾರಿ ಒಂದೇ: ಆ ಹೇಂಟೆಯನ್ನು ಸಂತೆಗೆ ಒಯ್ಯುವುದು, ಇಲ್ಲವೇ ಸಾರಿಗೆ ಹಾಕುವುದು.

ಈ ದಾರಿ ಹಿಡಿದವರಲ್ಲಿ ಹಲವರಿಗೆ ವಾರ ಕಳೆಯುವುದರೊಳಗೆ ಮತ್ತೊಂದು ಹೇಂಟೆಯ ಗದ್ದಲ ಕೇಳಿಬರುತ್ತದೆ. ಕೂಗಿಗೆ ಕಾರಣವಾದ ಕೊರತೆ ಹಿತ್ತಿಲಲ್ಲಿ ಹಾಗೆಯೇ ಉಳಿದಿರುವುದೇ ಇದಕ್ಕೆ ಕಾರಣ. ಆದ್ದರಿಂದ ಹೇಂಟೆಯನ್ನು ಸುಮ್ಮನಾಗಿಸುವ ಮುನ್ನ ಅದು ಏಕೆ ಕೂಗುತ್ತಿದೆ ಎಂಬುದನ್ನು ಅರಿಯುವುದು ಒಳಿತು.

ಕೂಗಿಗೊಂದು ಅರ್ಥ

ಮನೆಗೋಳಿಯ ಮೂಲ ಕೆಂಪು ಕಾಡುಕೋಳಿ. ಗಿಡಗಂಟಿಗಳ ನಡುವೆ ಒಂದನ್ನೊಂದು ಕಾಣದೆ ಮೇಯುವ ಈ ಹಕ್ಕಿಗಳಿಗೆ ಹಿಂಡನ್ನು ಒಟ್ಟಾಗಿ ಇಡಲು ದನಿಯೇ ಸಾಧನ. ಕಾಡುಕೋಳಿಯ ಕೂಗುಗಳನ್ನು ಅಧ್ಯಯನ ಮಾಡಿದ ಅಮೆರಿಕದ ಪಕ್ಷಿವಿಜ್ಞಾನಿ ದಂಪತಿ ನಿಕೊಲಸ್ ಮತ್ತು ಎಲ್ಸಿ ಕೊಲಿಯಾಸ್ ಇಪ್ಪತ್ತಕ್ಕೂ ಹೆಚ್ಚು ಬಗೆಯ ಧ್ವನಿಗಳನ್ನು ಗುರುತಿಸಿದ್ದಾರೆ. ಮೇವು ಸಿಕ್ಕಾಗ ಒಂದು, ಮರಿಗಳನ್ನು ಕರೆಯಲು ಇನ್ನೊಂದು, ಬೆದರಿಕೆಗೆ ಮತ್ತೊಂದು ಹೀಗೆ ಪ್ರತಿಯೊಂದಕ್ಕೂ ಬೇರೆ ಬೇರೆ ದನಿಯಿದೆ. ಸಾವಿರಾರು ವರ್ಷ ಮನುಷ್ಯನ ಅಂಗಳದಲ್ಲಿ ಬೆಳೆದರೂ ಕೋಳಿ ಈ ನುಡಿಯನ್ನು ಮರೆತಿಲ್ಲ.

ಸಾಕುವವರು ಎಲ್ಲ ಕೂಗುಗಳನ್ನೂ ಕಲಿಯಬೇಕಾಗಿಲ್ಲ. ಹಿತ್ತಿಲಲ್ಲಿ ತಕರಾರಿಗೆ ಕಾರಣವಾಗುವಂಥವು ಬೆರಳೆಣಿಕೆಯಷ್ಟು. ಒಂದು ವಾರ ಮೂರು ಸಂಗತಿಗಳನ್ನು ಗಮನಿಸಿದರೆ ಸಾಕು: ಹೇಂಟೆ ಯಾವ ಹೊತ್ತಿನಲ್ಲಿ ಕೂಗುತ್ತದೆ, ಎಲ್ಲಿ ನಿಂತು ಕೂಗುತ್ತದೆ, ಏನಾದ ಮೇಲೆ ಸುಮ್ಮನಾಗುತ್ತದೆ. ಕಾರಣ ತಾನಾಗಿಯೇ ಹೊರಬೀಳುತ್ತದೆ.

ಮೊಟ್ಟೆ ಇಟ್ಟ ಮೇಲಿನ ಕೂಗು

ಎಲ್ಲರಿಗೂ ಪರಿಚಿತವಾದದ್ದು ಮೊಟ್ಟೆ ಇಟ್ಟ ಬಳಿಕದ ಕೂಗು. ಗೂಡಿನಿಂದ ಹೊರಬಂದ ಹೇಂಟೆ ಕೊರಳೆತ್ತಿ ಹಲವು ನಿಮಿಷ ಕೂಗುತ್ತದೆ. ಹುಂಜವೂ ಉಳಿದ ಹೇಂಟೆಗಳೂ ದನಿಗೂಡಿಸುತ್ತವೆ. ಮೊಟ್ಟೆಗಾಗಿ ಹಿಂಡಿನಿಂದ ದೂರ ಸರಿದ ಹೇಂಟೆ ಮತ್ತೆ ಹಿಂಡನ್ನು ಸೇರಲು ನೀಡುವ ಕರೆ ಇದು ಎಂಬುದು ಒಂದು ವಿವರಣೆ. ಬೇಟೆಗಾರ ಪ್ರಾಣಿಯ ಗಮನವನ್ನು ಗೂಡಿನಿಂದ ಬೇರೆಡೆಗೆ ಸೆಳೆಯುವ ಉಪಾಯ ಎಂಬುದು ಇನ್ನೊಂದು.

ಈ ಕೂಗಿಗೆ ಚಿಕಿತ್ಸೆಯಿಲ್ಲ, ಅದರ ಅಗತ್ಯವೂ ಇಲ್ಲ. ಒಂದು ಮೊಟ್ಟೆ ಹೊಟ್ಟೆಯೊಳಗೆ ರೂಪುಗೊಳ್ಳಲು 24ರಿಂದ 26 ಗಂಟೆ ಬೇಕು. ಹೀಗಾಗಿ ಒಂದು ಹೇಂಟೆ ದಿನಕ್ಕೆ ಒಮ್ಮೆಗಿಂತ ಹೆಚ್ಚು ಸಲ ಈ ಕಾರಣಕ್ಕೆ ಕೂಗುವಂತಿಲ್ಲ. ಹೆಚ್ಚಿನ ಹೇಂಟೆಗಳು ಮೊಟ್ಟೆ ಇಡುವುದು ಬೆಳಗಿನಿಂದ ಮಧ್ಯಾಹ್ನದೊಳಗೆ. ಜವಾರಿ ಹೇಂಟೆ ಒಂದು ಸುತ್ತಿಗೆ 10ರಿಂದ 15ರಂತೆ ವರ್ಷಕ್ಕೆ ಸುಮಾರು 50ರಿಂದ 80 ಮೊಟ್ಟೆ ಇಡುವುದರಿಂದ ವರ್ಷದ ಬಹುಪಾಲು ದಿನಗಳಲ್ಲಿ ಈ ಸದ್ದು ಇರುವುದೇ ಇಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅಭಿವೃದ್ಧಿಪಡಿಸಿದ ಗಿರಿರಾಜ ತಳಿ ವರ್ಷಕ್ಕೆ 130ರಿಂದ 150 ಮೊಟ್ಟೆ ಇಡಬಲ್ಲದು; ಕೂಗುವ ದಿನಗಳೂ ಅಷ್ಟೇ ಹೆಚ್ಚು.

ಗೂಡಿಲ್ಲದ ಗೋಳು

ಮೊಟ್ಟೆ ಇಡುವ ಮುನ್ನವೇ ಅರ್ಧ ಗಂಟೆ, ಒಂದು ಗಂಟೆ ಅತ್ತಿತ್ತ ಅಲೆಯುತ್ತ, ಮೊದಲು ಒಂದು ದೀರ್ಘ ಸ್ವರ ಎಳೆದು ಅದರ ಹಿಂದೆಯೇ ಗಿಡ್ಡ ಗಿಡ್ಡ ಸ್ವರಗಳಲ್ಲಿ ನರಳುವಂತೆ ಕೂಗುವ ಹೇಂಟೆಯ ವಿಷಯ ಬೇರೆ. ನೆದರ್‌ಲ್ಯಾಂಡ್ಸ್‌ನ ಸಂಶೋಧಕರು ಇದನ್ನು 'ಗಾಕೆಲ್' ಕೂಗು ಎಂದು ಕರೆದು ಪ್ರಯೋಗಗಳನ್ನು ನಡೆಸಿದ್ದಾರೆ. ಗೂಡು, ಮೇವು, ನೀರು ಕಣ್ಣೆದುರಿಗಿದ್ದೂ ಸಿಗದಂತೆ ತಡೆದಾಗ ಈ ಕೂಗು ಹೆಚ್ಚಾದದ್ದು ಅವರಿಗೆ ಕಂಡುಬಂತು. ಬಯಸಿದ್ದು ಸಿಗದ ಹತಾಶೆಯ ದನಿ ಇದು.

ಪಟ್ಟಣದ ಹಿತ್ತಿಲುಗಳಲ್ಲಿ ಈ ಕೂಗೇ ಹೆಚ್ಚಿನ ಗದ್ದಲಕ್ಕೆ ಮೂಲ. ಹಳ್ಳಿಯ ಹೇಂಟೆಗೆ ಬಣವೆಯ ಬುಡ, ಕೊಟ್ಟಿಗೆಯ ಮೂಲೆ, ಅಟ್ಟದ ಬುಟ್ಟಿ ಎಂದು ಹತ್ತು ಜಾಗಗಳಿದ್ದವು. ಸಿಮೆಂಟಿನ ಅಂಗಳದಲ್ಲಿ ಅಡಗಿ ಕೂರಲು ಒಂದು ಕತ್ತಲ ಮೂಲೆಯೂ ಇಲ್ಲ. ಇರುವ ಒಂದೇ ಬುಟ್ಟಿಯನ್ನು ಹಿಂಡಿನ ಬಲಿಷ್ಠ ಹೇಂಟೆ ಹಿಡಿದರೆ ಉಳಿದವು ಸುತ್ತ ನಿಂತು ಕೂಗುತ್ತವೆ.

ಪರಿಹಾರ ಅಗ್ಗವಾದದ್ದು. ನಾಲ್ಕೈದು ಹೇಂಟೆಗಳಿಗೆ ಒಂದು ಗೂಡು ಸಾಕು; ಆದರೆ ಹಿಂಡು ಚಿಕ್ಕದಿದ್ದರೂ ಎರಡು ಗೂಡು ಇಡುವುದು ಲೇಸು. ಒಂದಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಮರದ ಪೆಟ್ಟಿಗೆ, ಹಳೆಯ ಬಿದಿರಿನ ಬುಟ್ಟಿ ಯಾವುದಾದರೂ ನಡೆಯುತ್ತದೆ. ನೆಲದಿಂದ ಒಂದೆರಡು ಅಡಿ ಎತ್ತರದಲ್ಲಿ, ಬೆಳಕು ಕಡಿಮೆ ಬೀಳುವ ಕಡೆ ಇಟ್ಟು, ನಾಲ್ಕು ಬೆರಳಿನಷ್ಟು ದಪ್ಪಕ್ಕೆ ಒಣ ಹುಲ್ಲು ಹಾಸಬೇಕು. ಹುಲ್ಲನ್ನು ಆಗಾಗ ಬದಲಿಸಬೇಕು. ಹೇನು ಅಥವಾ ನುಸಿ ಸೇರಿದ ಗೂಡಿಗೆ ಹೇಂಟೆ ಕಾಲಿಡುವುದಿಲ್ಲ. ಅದರ ಮುಂದೆ ನಿಂತು ಕೂಗುತ್ತದೆ. ಮೈ ಹೊರಳಾಡಿಸಲು ಒಂದು ಮೂಲೆಯಲ್ಲಿ ಸಡಿಲ ಮಣ್ಣು ಮತ್ತು ಒಲೆಯ ಬೂದಿ ಇದ್ದರೆ ಹೇನಿನ ಕಾಟವೂ ತಗ್ಗುತ್ತದೆ.

ಮೇವು ನೀರಿನ ವಿಷಯದಲ್ಲಿ ಸಾಕುವವರೇ ಅರಿಯದೆ ಕೂಗನ್ನು ಕಲಿಸಿಬಿಡುವುದುಂಟು. ಹೇಂಟೆ ಕೂಗಿದಾಗಲೆಲ್ಲ 'ಹಾಳಾಗಿ ಹೋಗಲಿ' ಎಂದು ಒಂದು ಹಿಡಿ ಗೋವಿನಜೋಳ ಎರಚಿದರೆ, ಕೂಗಿದರೆ ಕಾಳು ಸಿಗುತ್ತದೆ ಎಂಬುದನ್ನು ಅದು ಬೇಗ ಗ್ರಹಿಸುತ್ತದೆ. ಬೆಳಿಗ್ಗೆ ಮತ್ತು ಸಂಜೆ ಗೊತ್ತಾದ ಹೊತ್ತಿನಲ್ಲಿ, ಹಿಂಡು ಶಾಂತವಾಗಿರುವಾಗ ಮೇವು ಹಾಕುವುದು ರೂಢಿಯಾದರೆ ಈ ಬಗೆಯ ಕೂಗು ಕ್ರಮೇಣ ನಿಲ್ಲುತ್ತದೆ. ದುರ್ಬಲ ಹೇಂಟೆಗೂ ಪಾಲು ಸಿಗುವಂತೆ ಮೇವನ್ನು ಎರಡು ಕಡೆ ಇಡಬೇಕು. ಮೊಟ್ಟೆ ಇಡುವ ಕೋಳಿಗೆ ದಿನಕ್ಕೆ ಸುಮಾರು ಕಾಲು ಲೀಟರ್ ನೀರು ಬೇಕು. ಮಾರ್ಚಿನಿಂದ ಮೇವರೆಗಿನ ಬಿಸಿಲಿನಲ್ಲಿ ಇನ್ನೂ ಹೆಚ್ಚು.

ಅಪಾಯದ ಸೂಚನೆ

ಸದ್ದು ಮಾಡುವ ಹೇಂಟೆಯನ್ನು ಕಳೆದುಕೊಂಡ ಮೇಲೆ ಅದರ ಬೆಲೆ ತಿಳಿಯುವುದು ಇಲ್ಲಿ. ಆಕಾಶದಲ್ಲಿ ಹದ್ದು ಸುಳಿದಾಗ ಮತ್ತು ನೆಲದ ಮೇಲೆ ನಾಯಿ, ಮುಂಗುಸಿ ಬಂದಾಗ ಕೋಳಿಗಳು ಬೇರೆ ಬೇರೆ ಎಚ್ಚರಿಕೆ ನೀಡುತ್ತವೆ. ಕ್ರಿಸ್ಟೋಫರ್ ಇವಾನ್ಸ್, ಲಿಂಡಾ ಇವಾನ್ಸ್ ಮತ್ತು ಪೀಟರ್ ಮಾರ್ಲರ್ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಎರಡು ಕೂಗುಗಳ ಧ್ವನಿಮುದ್ರಣವನ್ನಷ್ಟೇ ಹೇಂಟೆಗಳಿಗೆ ಕೇಳಿಸಲಾಯಿತು. ಹದ್ದಿನ ಕೂಗು ಕೇಳಿದವು ಮರೆಗೆ ಓಡಿ ಮೇಲೆ ನೋಡಿದವು. ನೆಲದ ಶತ್ರುವಿನ ಕೂಗು ಕೇಳಿದವು ಕತ್ತೆತ್ತಿ ನಿಂತು ಸುತ್ತ ನೋಡಿದವು. ಶತ್ರು ಎದುರಿಗೆ ಇಲ್ಲದಿದ್ದರೂ ಕೂಗಿನ ಅರ್ಥ ಅವಕ್ಕೆ ತಿಳಿದಿತ್ತು.

ಹದ್ದಿನ ಎಚ್ಚರಿಕೆ ಕ್ಷಣಿಕ. ನೆಲದ ಶತ್ರುವಿನ ಎಚ್ಚರಿಕೆ ಮಾತ್ರ ಬಿಡದೆ ನಡೆಯುತ್ತದೆ, ಹಿಂಡೆಲ್ಲ ಸೇರಿಕೊಳ್ಳುತ್ತದೆ. ಮೊಟ್ಟೆಯ ಕೂಗನ್ನು ಹೋಲುವುದರಿಂದ ಇದನ್ನು 'ಮಾಮೂಲಿ ಗದ್ದಲ' ಎಂದು ಕಡೆಗಣಿಸುವ ಅಪಾಯವಿದೆ. ಗೂಡಿನಲ್ಲಿ ಹೊಸ ಮೊಟ್ಟೆ ಕಾಣದಿದ್ದರೆ, ಹೇಂಟೆ ಒಂದೇ ಕಡೆಗೆ ಮುಖಮಾಡಿ ಕೂಗುತ್ತಿದ್ದರೆ ಅತ್ತ ಹೋಗಿ ನೋಡಬೇಕು.

ನಾಲ್ಕೂ ತಾಲ್ಲೂಕುಗಳಲ್ಲಿ ಅಪಾಯದ ರೂಪ ಒಂದೇ ಅಲ್ಲ. ಪಶ್ಚಿಮದಲ್ಲಿ ಮಲೆನಾಡಿನ ಸೆರಗಿಗೆ ತಾಗಿದ, ಭತ್ತ ಮತ್ತು ಅಡಿಕೆ ಬೆಳೆಯುವ ಹಾನಗಲ್ ಭಾಗದಲ್ಲಿ ಕಾಡುಬೆಕ್ಕು, ಮುಂಗುಸಿಗಳ ಕಾಟ ಸಹಜ. ಗೋವಿನಜೋಳ ಬೆಳೆಯುವ ಹಿರೇಕೆರೂರು ಸೀಮೆಯಲ್ಲಿ ಕಾಳು ಮತ್ತು ದಂಟು ಕೂಡಿಟ್ಟ ಕಡೆ ಇಲಿ, ಇಲಿಯ ಬೆನ್ನಿಗೆ ಹಾವು. ಶಿಗ್ಗಾವಿ ತಾಲ್ಲೂಕಿನ ಬಂಕಾಪುರ ಕೋಟೆಯ ಆವರಣ ನವಿಲುಗಳಿಗೆ ಹೆಸರಾದದ್ದು. ಕೋಳಿಯ ದೂರದ ನೆಂಟನಾದ ನವಿಲೂ ಅಪಾಯ ಕಂಡಾಗ ಕಿರಿಚಿ ಸುತ್ತಮುತ್ತಲಿನ ಜೀವಿಗಳನ್ನು ಎಚ್ಚರಿಸುತ್ತದೆ. ಹಳೆಯ ಓಣಿಗಳ ಸವಣೂರು ಪೇಟೆಯಲ್ಲಿ ಕೋಳಿಗೆ ಬೀದಿನಾಯಿ ಮತ್ತು ಬೆಕ್ಕುಗಳೇ ವೈರಿಗಳು. ಅಲ್ಲಿ ಕೂಗಿನಿಂದ ಆಗುವ ನೆರೆಮನೆಯ ಕಿರಿಕಿರಿಯೂ ಹೆಚ್ಚು.

ರಾತ್ರಿಯ ಕೂಗನ್ನಂತೂ ಎಂದಿಗೂ ಅಲಕ್ಷಿಸುವಂತಿಲ್ಲ. ಕತ್ತಲಲ್ಲಿ ಕೋಳಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಕಾರಣವಿಲ್ಲದೆ ಅದು ಬಾಯಿ ತೆರೆಯುವುದಿಲ್ಲ. ನಾಗರಹಾವು, ಕೇರೆಹಾವುಗಳು ಮೊಟ್ಟೆ ಮತ್ತು ಮರಿಗಳಿಗಾಗಿ ಗೂಡು ಹೊಗುವುದುಂಟು. ಬ್ಯಾಟರಿ ಬೆಳಕಿಲ್ಲದೆ ಗೂಡಿನೊಳಗೆ ಕೈ ಹಾಕಬಾರದು. ಹಾವು ಕಂಡರೆ ಹೊಡೆಯಲು ಹೋಗದೆ ದೂರ ಸರಿದು ಅರಣ್ಯ ಇಲಾಖೆಗೆ ತಿಳಿಸುವುದೇ ಕ್ಷೇಮ. ಗೂಡಿನ ಸಂದುಗಳನ್ನು ಅರ್ಧ ಇಂಚಿಗಿಂತ ಕಡಿಮೆ ಕಣ್ಣಿನ ತಂತಿಬಲೆಯಿಂದ ಮುಚ್ಚಿದರೆ ಹಾವಿನ ಭಯವೂ ರಾತ್ರಿಯ ಗದ್ದಲವೂ ತಗ್ಗುತ್ತವೆ.

ಕಾವಿಗೆ ಕುಳಿತ ಹೇಂಟೆ

ಮೊಟ್ಟೆಯ ಸುತ್ತು ಮುಗಿದ ಮೇಲೆ ಜವಾರಿ ಹೇಂಟೆ ಕಾವಿಗೆ ಕೂರುತ್ತದೆ. ಮೈಯಲ್ಲಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನ್ ಏರುವುದು ಇದಕ್ಕೆ ಕಾರಣ. ಗರಿ ಕೆದರಿಕೊಂಡು, ಹತ್ತಿರ ಹೋದವರನ್ನು ಕುಕ್ಕುತ್ತ, ಗೂಡಿನಿಂದ ಎಬ್ಬಿಸಿದರೆ ಲೊಚಗುಟ್ಟುತ್ತ ತಿರುಗುತ್ತದೆ. ಅದು ಗೂಡನ್ನು ಬಿಡದ ಕಾರಣ ಉಳಿದ ಹೇಂಟೆಗಳೂ ಕೂಗತೊಡಗುತ್ತವೆ.

ಇದನ್ನು ಬಿಡಿಸಲು ತಣ್ಣೀರಿನಲ್ಲಿ ಮುಳುಗಿಸುವ, ಮೂಗಿನ ಹೊಳ್ಳೆಗೆ ಗರಿ ಚುಚ್ಚುವ ಪದ್ಧತಿಗಳು ಕೆಲವೆಡೆ ಇವೆ. ಹಕ್ಕಿಗೆ ಹಿಂಸೆಯಾಗುವುದಲ್ಲದೆ ಸೋಂಕಿಗೂ ಇವು ದಾರಿ. ಮರಿ ಬೇಕಿದ್ದವರು ಹತ್ತು ಹನ್ನೆರಡು ಫಲಿತ ಮೊಟ್ಟೆ ಇಟ್ಟು ಕಾವಿಗೆ ಕೂರಿಸಿದರೆ 21 ದಿನಗಳಲ್ಲಿ ಮರಿಗಳೂ ಸಿಗುತ್ತವೆ, ಗದ್ದಲವೂ ನಿಲ್ಲುತ್ತದೆ. ಬೇಡವಾದವರು ಮೊಟ್ಟೆಗಳನ್ನು ತೆಗೆದು, ಹುಲ್ಲು ಹಾಸದ, ಕೆಳಗಿನಿಂದ ಗಾಳಿಯಾಡುವ ಜಾಲರಿ ತಳದ ಪಂಜರದಲ್ಲಿ ಮೂರರಿಂದ ಐದು ದಿನ ಇರಿಸಬೇಕು. ಬೆಳಕು, ಮೇವು, ನೀರು ಎಂದಿನಂತೆ ಇರಬೇಕು. ಹೊಟ್ಟೆಯಡಿ ಬೆಚ್ಚಗಿನ ಗೂಡಿನ ಅನುಭವ ತಪ್ಪಿದರೆ ಕಾವಿನ ಗುಂಗು ಇಳಿಯುತ್ತದೆ. ಗಿರಿರಾಜದಂಥ ಸುಧಾರಿತ ತಳಿಗಳಲ್ಲಿ ಕಾವು ಕೂರುವ ಗುಣ ಅಪರೂಪ.

ಹುಂಜದಂತೆ ಕೂಗುವ ಹೇಂಟೆ

ಹೇಂಟೆ ಹುಂಜದಂತೆ ಕೂಗಿದರೆ ಮನೆಗೆ ಕೇಡು ಎಂಬ ನಂಬಿಕೆ ಹಲವೆಡೆ ಬೇರೂರಿದೆ. ಅಂಥ ಹೇಂಟೆಗೆ ಒಂದು ದಿನವೂ ಉಳಿಗಾಲವಿಲ್ಲ. ಇದಕ್ಕೆ ದೇಹರಚನೆಯಲ್ಲೇ ವಿವರಣೆಯಿದೆ. ಹೇಂಟೆಯಲ್ಲಿ ಸಾಮಾನ್ಯವಾಗಿ ಎಡಗಡೆಯ ಅಂಡಾಶಯವೊಂದೇ ಬೆಳೆದು ಕೆಲಸ ಮಾಡುತ್ತದೆ. ರೋಗದಿಂದಲೋ ಮುಪ್ಪಿನಿಂದಲೋ ಅದು ಕೆಟ್ಟರೆ, ಬಲಗಡೆ ಬೆಳೆಯದೆ ಉಳಿದಿದ್ದ ಗ್ರಂಥಿ ವೃಷಣದ ರೀತಿಯಲ್ಲಿ ಬೆಳೆದು ಗಂಡು ಹಾರ್ಮೋನ್ ಸ್ರವಿಸಬಹುದು. ಆಗ ಜುಟ್ಟು ದೊಡ್ಡದಾಗುತ್ತದೆ, ದನಿ ಬದಲಾಗುತ್ತದೆ. ಹುಂಜವಿಲ್ಲದ ಹಿಂಡಿನಲ್ಲಿ ಮೇಲುಸ್ಥಾನದ ಹೇಂಟೆ ಅಪರೂಪಕ್ಕೆ ಹೀಗೆ ಕೂಗುವುದೂ ಉಂಟು. ಶಕುನಕ್ಕೂ ಇದಕ್ಕೂ ಸಂಬಂಧವಿಲ್ಲ.

ಇನ್ನು ನಿಜವಾದ ಹುಂಜದ ವಿಷಯ. ತನ್ನ ಹುಂಜ ಕೂಗುವುದರಿಂದಲೇ ಊರಿಗೆ ಬೆಳಗಾಗುತ್ತದೆಂದು ನಂಬಿದ ಮುದುಕಿಯ ಕಥೆ ಕನ್ನಡಿಗರಿಗೆ ಹೊಸದಲ್ಲ. ಬೆಳಕು ಕಂಡು ಹುಂಜ ಕೂಗುತ್ತದೆಯೇ ಎಂಬ ಪ್ರಶ್ನೆಗೆ ಜಪಾನಿನ ನಗೋಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2013ರಲ್ಲಿ ಉತ್ತರ ನೀಡಿದರು. ಸದಾ ಮಂದ ಬೆಳಕಿನಲ್ಲಿಟ್ಟಾಗಲೂ ಹುಂಜಗಳು ಒಳಗಿನ ಗಡಿಯಾರಕ್ಕೆ ತಕ್ಕಂತೆ ಹೊತ್ತಿಗೆ ಸರಿಯಾಗಿ ಕೂಗಿದವು. ಆದ್ದರಿಂದ ಗೂಡನ್ನು ಕತ್ತಲಾಗಿಸಿದ ಮಾತ್ರಕ್ಕೆ ಹುಂಜದ ಮುಂಜಾವಿನ ಕೂಗು ಪೂರ್ತಿ ನಿಲ್ಲದು. ಹತ್ತಿರದಲ್ಲಿ ಅದರ ದನಿ 100 ಡೆಸಿಬಲ್ ದಾಟುತ್ತದೆ. ಮೊಟ್ಟೆ ಇಡಲು ಹೇಂಟೆಗೆ ಹುಂಜ ಬೇಕಿಲ್ಲ. ಮರಿ ಮಾಡಿಸಲು ಮಾತ್ರ ಬೇಕು. ಒತ್ತಾದ ಬಡಾವಣೆಯಲ್ಲಿ ಸಾಕುವವರು ಹುಂಜವಿಲ್ಲದ ಹಿಂಡು ಕಟ್ಟಿಕೊಳ್ಳುವುದು ಜಾಣತನ.

ಒಂದನ್ನು ತೆಗೆದರೆ ಹಿಂಡೇ ಕದಡುತ್ತದೆ

ಕೋಳಿಗಳಲ್ಲಿ ಕುಕ್ಕುವಿಕೆಯಿಂದ ನಿರ್ಧಾರವಾಗುವ ಮೇಲು ಕೀಳಿನ ಕ್ರಮವಿದೆ ಎಂಬುದನ್ನು ನಾರ್ವೆಯ ವಿಜ್ಞಾನಿ ಶೆಲ್ಡರಪ್ ಎಬ್ಬೆ 1921ರಲ್ಲಿ ವಿವರಿಸಿದರು. ಒಂದು ಹೇಂಟೆಯನ್ನು ತೆಗೆದರೆ ಅಥವಾ ಹೊಸದನ್ನು ತಂದು ಬಿಟ್ಟರೆ ಈ ಕ್ರಮ ಮತ್ತೆ ಹೊಸದಾಗಿ ನಿರ್ಧಾರವಾಗಬೇಕು. ಅಲ್ಲಿಯವರೆಗೆ ಕುಕ್ಕಾಟ, ಓಡಾಟ, ಕೂಗಾಟ. ಸದ್ದು ಮಾಡುವುದನ್ನು ಮಾರಿ, ಸಂತೆಯಿಂದ ಇನ್ನೊಂದನ್ನು ತಂದವರಿಗೆ ಗದ್ದಲ ಇಮ್ಮಡಿಯಾದಂತೆ ಅನ್ನಿಸುವುದು ಇದರಿಂದಲೇ. ಸಂತೆಯ ಕೋಳಿ ರೋಗವನ್ನೂ ಹೊತ್ತು ತರಬಹುದು. ಹೊಸದಾಗಿ ತಂದದ್ದನ್ನು ಕನಿಷ್ಠ ಎರಡು ವಾರ ಬೇರೆಯಾಗಿ ಇರಿಸಿ, ಬಳಿಕ ಜಾಲರಿಯ ಆಚೀಚೆ ಕೆಲವು ದಿನ ಬಿಟ್ಟು, ಆಮೇಲೆ ಕೂಡಿಸಬೇಕು.

ಕೊಕ್ಕಿಗೆ ದಾರ ಕಟ್ಟುವುದು, ಇಡೀ ದಿನ ಕತ್ತಲ ಬುಟ್ಟಿಯಡಿ ಮುಚ್ಚಿಡುವುದು ಪರಿಹಾರವಲ್ಲ. ಪ್ರಾಣಿಗೆ ಅನಗತ್ಯ ನೋವು ಕೊಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ.

ನೆರೆಮನೆ ಮತ್ತು ಕಾನೂನು

ಎಲ್ಲ ಮಾಡಿದರೂ ಸ್ವಲ್ಪ ಸದ್ದು ಉಳಿಯುತ್ತದೆ. ಆಗ ಕೆಲಸಕ್ಕೆ ಬರುವುದು ದೂರ ಮತ್ತು ದಿಕ್ಕು. ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಒಂದು ಮೀಟರ್ ಅಂತರದಲ್ಲಿ 70 ಡೆಸಿಬಲ್ ಇರುವ ಸದ್ದು ಎಂಟು ಮೀಟರ್ ಆಚೆ 52ಕ್ಕೆ ಇಳಿಯುತ್ತದೆ. ಗೂಡನ್ನು ನೆರೆಮನೆಯ ಗೋಡೆಗೆ ಆನಿಸದೆ ಸ್ವಂತ ಮನೆಯ ಕಡೆಗೆ ಸರಿಸಿ, ಬಾಗಿಲನ್ನು ಅವರ ಮಲಗುವ ಕೋಣೆಗೆ ವಿರುದ್ಧ ದಿಕ್ಕಿಗೆ ತಿರುಗಿಸಿದರೆ ಅರ್ಧ ತಕರಾರು ಅಲ್ಲೇ ಮುಗಿಯುತ್ತದೆ. ಗಾಳಿಯಾಡುವ ಗೂಡಾದರೆ ಬಾಗಿಲನ್ನು ಬೆಳಿಗ್ಗೆ ಸ್ವಲ್ಪ ತಡವಾಗಿ ತೆರೆಯಬಹುದು.

2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಹಾಕಿವೆ. ರಾತ್ರಿಯೆಂದರೆ 10ರಿಂದ ಬೆಳಿಗ್ಗೆ 6. ಇದು ಒಟ್ಟು ವಾತಾವರಣದ ಸರಾಸರಿ ಸದ್ದಿನ ಅಳತೆ. ಕ್ಷಣಕಾಲದ ಕೂಗಿಗೆ ಇದನ್ನು ಅನ್ವಯಿಸುವುದು ಸುಲಭವಲ್ಲ. ಸಾರ್ವಜನಿಕ ಉಪದ್ರವವನ್ನು ತೆಗೆದುಹಾಕಲು ಆದೇಶಿಸುವ ಅಧಿಕಾರವನ್ನು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮು ದಂಡಾಧಿಕಾರಿಗಳಿಗೆ ನೀಡಿದೆ.

ಇಂಥ ಜಗಳ ಕಚೇರಿ ಮೆಟ್ಟಿಲೇರಿದ ಉದಾಹರಣೆಗಳಿವೆ. ಕೇರಳದ ಅಡೂರಿನ ಬಳಿ ನಸುಕಿನಲ್ಲೇ ಕೂಗುವ ಹುಂಜದಿಂದ ನಿದ್ದೆಗೆಟ್ಟ ಹಿರಿಯರೊಬ್ಬರು ದೂರಿದಾಗ, 2025ರ ಫೆಬ್ರುವರಿಯಲ್ಲಿ ಅಲ್ಲಿನ ಕಂದಾಯ ವಿಭಾಗಾಧಿಕಾರಿ ನೆರೆಮನೆಯ ಮೇಲಂತಸ್ತಿನಲ್ಲಿದ್ದ ಗೂಡನ್ನು 14 ದಿನಗಳೊಳಗೆ ಬೇರೆಡೆಗೆ ಸರಿಸಲು ಆದೇಶಿಸಿದರು. ಕೋಳಿ ಸಾಕುವುದನ್ನೇ ನಿಷೇಧಿಸಲಿಲ್ಲ ಎಂಬುದು ಗಮನಾರ್ಹ. ಫ್ರಾನ್ಸಿನಲ್ಲಿ 2019ರಲ್ಲಿ ಮೋರಿಸ್ ಎಂಬ ಹುಂಜದ ಮೇಲಿನ ದಾವೆಯಲ್ಲಿ ನ್ಯಾಯಾಲಯ ಹುಂಜದ ಪರವಾಗಿ ತೀರ್ಪಿತ್ತಿತು. 2021ರಲ್ಲಿ ಗ್ರಾಮೀಣ ಸದ್ದು ಮತ್ತು ವಾಸನೆಗಳನ್ನು ಅಲ್ಲಿನ ಪರಂಪರೆಯ ಭಾಗವೆಂದು ಮಾನ್ಯ ಮಾಡುವ ಕಾನೂನೇ ಬಂತು.

ಅಷ್ಟು ದೂರ ಹೋಗುವ ಮುನ್ನ ನೆರೆಯವರೊಡನೆ ಕುಳಿತು ಮಾತಾಡುವುದು ಲೇಸು. ಅವರ ಮನೆಯಲ್ಲಿ ರಾತ್ರಿ ಪಾಳಿಯ ಕೆಲಸದವರು, ಹಸುಗೂಸು, ರೋಗಿಗಳು ಇದ್ದಾರೆಯೇ ಎಂದು ವಿಚಾರಿಸಿ, ಕೈಗೊಂಡ ಕ್ರಮಗಳನ್ನು ತಿಳಿಸಿದರೆ ಸಿಟ್ಟು ಇಳಿಯುತ್ತದೆ. ಆಗಾಗ ನಾಲ್ಕು ತತ್ತಿ ಆ ಮನೆಗೂ ಹೋದರೆ ಸಂಬಂಧ ಇನ್ನಷ್ಟು ಗಟ್ಟಿ.

ಮೌನವೇ ಹೆಚ್ಚು ಅಪಾಯಕಾರಿ

ಕೂಗುವ ಹೇಂಟೆಗಿಂತ ಒಮ್ಮೆಲೇ ಕೂಗು ನಿಲ್ಲಿಸಿದ ಹೇಂಟೆ ಹೆಚ್ಚಿನ ಗಮನಕ್ಕೆ ಅರ್ಹ. ಮೂಲೆ ಹಿಡಿದು ತೂಕಡಿಸುವುದು, ಬಾಯಿ ತೆರೆದು ಉಸಿರಾಡುವುದು, ಹಸಿರು ಮಿಶ್ರಿತ ಭೇದಿ, ಕತ್ತು ತಿರುಚಿಕೊಳ್ಳುವುದು ಕೊಕ್ಕರೆ ರೋಗದ ಲಕ್ಷಣಗಳು. ಕೆಲವೇ ದಿನಗಳಲ್ಲಿ ಇಡೀ ಹಿಂಡನ್ನು ಇದು ಬರಿದು ಮಾಡಬಲ್ಲದು. ರೋಗ ತಗಲಿದ ಮೇಲೆ ಮದ್ದಿಲ್ಲ. ಮರಿಗೆ 5ರಿಂದ 7 ದಿನವಾದಾಗ ಮೊದಲ ಲಸಿಕೆ, ಸುಮಾರು 8 ವಾರಕ್ಕೆ ಇನ್ನೊಂದು ಲಸಿಕೆ ಹಾಕಿಸುವುದೇ ರಕ್ಷಣೆ. ಈ ಬಗ್ಗೆ ಹತ್ತಿರದ ಪಶುವೈದ್ಯ ಆಸ್ಪತ್ರೆಯಲ್ಲಿ ಸಲಹೆ ಪಡೆಯಬಹುದು.

ಗೂಡು, ಮೇವು, ನೀರು, ಭದ್ರತೆ ಈ ನಾಲ್ಕು ಸರಿಯಿದ್ದಲ್ಲಿ ಹೇಂಟೆಯ ಕೂಗು ಬಹುಮಟ್ಟಿಗೆ ತತ್ತಿ ಇಟ್ಟ ಆ ಹತ್ತು ನಿಮಿಷಕ್ಕೆ ಇಳಿಯುತ್ತದೆ. ಉಳಿದ ಹೊತ್ತಿನಲ್ಲಿ ಕೂಗು ಕೇಳಿಬಂದರೆ ಒಮ್ಮೆ ಎದ್ದು ಹಿತ್ತಿಲಿಗೆ ಹೋಗಿ ನೋಡುವುದು ಸಾಕಿದವರ ಕರ್ತವ್ಯ. ಆ ಹೇಂಟೆಯ ಬೆಲೆಯನ್ನು ಸಂತೆಯ ದರದಿಂದ ಮಾತ್ರ ಅಳೆಯಲಾಗದು. ಬುಟ್ಟಿಯಡಿಯ ಹಾವನ್ನು ಮನೆಯವರಿಗಿಂತ ಮೊದಲು ಕಾಣುವುದು ಅದೇ.